ಫೆಬ್ರವರಿ 14ಕ್ಕೆ ತಾಜ್‌ಮಹಲ್ ಗುಲಾಬಿ: ಪ್ರೂನಿಂಗ್ ಯಾವ ತಾರೀಕಿಗೆ?

ದೇವನಹಳ್ಳಿ_ಗುಲಾಬಿ:
ಎಲ್ಲರಿಗೂ ನಮಸ್ಕಾರ. 20 ಗುಂಟೆ ಪಾಲಿಹೌಸ್, ಸುಮಾರು 14,000 ಗಿಡ. ಮುಕ್ಕಾಲು ಪಾಲು ಕೆಂಪು ತಾಜ್‌ಮಹಲ್, ಉಳಿದದ್ದು ಬಿಳಿ ಅವಲಾಂಚ್. ಪ್ರೇಮಿಗಳ ದಿನಕ್ಕೆ ಹೂ ಬರಬೇಕು ಅಂದ್ರೆ ಗಿಡದ ಕಡ್ಡಿ ಯಾವಾಗ ಕಟ್ ಮಾಡಬೇಕು? ಎಲ್ಲ ಒಟ್ಟಿಗೆ ಮಾಡಬಹುದಾ? ಬಿಳಿಯನ್ನೂ ಕೇಳ್ತಾರಾ, ಇಲ್ಲ ಕೆಂಪೇ ಆಗಬೇಕಾ?

ನಂದಿ_ತಪ್ಪಲು:
ಅಣ್ಣ, ಲೆಕ್ಕ ಹಿಂದಿನಿಂದ ಹಾಕಿ. 14ಕ್ಕೆ ಹೂ ಇರಬೇಕಾದ್ದು ಕೊಡುವವರ ಕೈಯಲ್ಲಿ, ನಿಮ್ಮ ಗಿಡದಲ್ಲಿ ಅಲ್ಲ. ಹೊರದೇಶಕ್ಕೆ ಹೋಗೋ ಹೂ ಜನವರಿ ಕೊನೆಯಿಂದ ಫೆಬ್ರವರಿ 8ರೊಳಗೆ ಕಟಾವಾಗಬೇಕು, ದೆಹಲಿ–ಮುಂಬೈಗೆ 10–11, ಬೆಂಗಳೂರಿಗೆ 12–13.

ನಮ್ಮ ಕಡೆ ಚಳಿಗಾಲದಲ್ಲಿ ಕಟ್ ಮಾಡಿದ ಮೇಲೆ ತಾಜ್‌ಮಹಲ್‌ಗೆ 50–54 ದಿನ ಹಿಡಿದುಕೊಳ್ಳಿ. ಬೇಸಿಗೆಯ 42–45 ದಿನದ ಲೆಕ್ಕ ಹಾಕಿದವರ ಹೂ 14 ಕಳೆದ ಮೇಲೆ ಬರುತ್ತೆ. ಒಟ್ಟಿಗೆ ಮಾತ್ರ ಮಾಡಬೇಡಿ. ಡಿಸೆಂಬರ್ 8, 12, 16 ಹೀಗೆ ಮೂರು ಕಂತು ಮಾಡಿ. 52 ದಿನ ಅಂದ್ರೆ ಜನವರಿ 29, ಫೆಬ್ರವರಿ 2, ಫೆಬ್ರವರಿ 6ಕ್ಕೆ ಶುರುವಾಗುತ್ತೆ, ಒಂದೊಂದು ಕಂತಿನ ಕಟಾವು ಆರೇಳು ದಿನ ನಡೆಯುತ್ತೆ. ಕಾಲು ಭಾಗ ಗಿಡ ಮುಟ್ಟಲೇಬೇಡಿ, ಆಮೇಲಿನ ಮದುವೆಗಳಿಗೆ ಬೇಕಾಗುತ್ತೆ.

ಪೆನ್ಸಿಲ್ ದಪ್ಪದ ಕಡ್ಡಿ ಆರಿಸಿ, ಬುಡದಿಂದ ಐದು ಕಿರುಎಲೆ ಇರೋ ಎಲೆ ಎರಡು ಬಿಟ್ಟು, ಹೊರಮುಖದ ಕಣ್ಣಿನ (ಚಿಗುರೊಡೆಯೋ ಜಾಗದ) ಮೇಲೆ ಅರ್ಧ ಸೆಂಟಿಮೀಟರಿಗೆ ಓರೆಯಾಗಿ ಕತ್ತರಿಸಿ. ಸಣಕಲು ಕಡ್ಡಿ ಕತ್ತರಿಸಬೇಡಿ, ಬಗ್ಗಿಸಿ. ಅದರ ಎಲೆಯೇ ಹೊಸ ಚಿಗುರಿಗೆ ಊಟ.

ಜನವರಿ 13ರ ಹೊತ್ತಿಗೆ ಎರಡನೇ ಕಂತಿನ ಮೊಗ್ಗು ಬಟಾಣಿ ಕಾಳಿನಷ್ಟಾಗಿರಬೇಕು. ಅಲ್ಲಿಂದ ಕಟಾವಿಗೆ ಸುಮಾರು ಮೂರು ವಾರ. ತಡವಾಗಿದ್ರೆ ಸಂಜೆ 4ಕ್ಕೇ ಪಕ್ಕದ ಪರದೆ ಇಳಿಸಿ ಬಿಸಿ ಹಿಡಿದಿಡಿ. ಇಲ್ಲೇ ಎಷ್ಟೋ ಜನ ಬೆಳೆ ಕಳ್ಕೊಳ್ಳೋದು: ಮುಚ್ಚಿದ ಪಾಲಿಹೌಸ್‌ನಲ್ಲಿ ರಾತ್ರಿ ತೇವ ಏರಿ, ಎಲೆ ಮೇಲೆ ನೀರು ಕೂತು, ಡೌನಿ ಅನ್ನೋ ಬೂಜು ರೋಗ ಬರುತ್ತೆ, ಎರಡೇ ದಿನದಲ್ಲಿ ಎಲೆ ಉದುರುತ್ತೆ. ಡ್ರಿಪ್ ಬೆಳಿಗ್ಗೆ ಮಾತ್ರ ಬಿಡಿ. ಬಿಸಿಲು ಏರಿದ ತಕ್ಷಣ ಪರದೆ ಎತ್ತಿ, ಹಬೆ ಹೊರಗೆ ಹೋಗಲಿ.

ಹೂವಿನಂಗಡಿ_ಜಯನಗರ:
ಬಣ್ಣದ ಬಗ್ಗೆ ನಾನು ಹೇಳ್ತೀನಿ. ಕೆಂಪೇ. ಬಿಳಿ ಹೋಗುತ್ತೆ, ಆದ್ರೆ ಬೊಕೆಯಲ್ಲಿ ಕೆಂಪಿನ ಜೊತೆ. ಹಕ್ಕಿಗಳು ಜೋಡಿ ಹುಡುಕುವ ದಿನ ಅಂತ 14ನೇ ಶತಮಾನದ ಇಂಗ್ಲಿಷ್ ಕವಿತೆಗಳಲ್ಲಿ ಪ್ರೀತಿಗೆ ಅಂಟಿಕೊಂಡ ದಿನ ಇದು. ಬಂದಿರೋದೋ ಅಲ್ಲಿ ಬಯಲಲ್ಲಿ ಒಂದು ಗುಲಾಬಿಯೂ ಅರಳದ ಚಳಿಯಲ್ಲಿ. ಅದಕ್ಕೇ ಕೀನ್ಯಾ, ಕೊಲಂಬಿಯಾ, ಈಕ್ವೆಡಾರ್‌ಗಳ ಎತ್ತರದ ಜಾಗಗಳಿಂದ ಹೂ ಹೋಗುತ್ತೆ. 900 ಮೀಟರ್ ಎತ್ತರದ ನಮ್ಮ ಬೆಂಗಳೂರಿನ ಹವೆಯೂ ಈ ಬೆಳೆಗೆ ಒಗ್ಗಿದ್ದು ಹಾಗೇ.

ಈ ದಿನದ ಸೆಳೆತ ಅಂಗಡಿಯಲ್ಲಿ ನಿಂತರೆ ಕಾಣುತ್ತೆ. ಮಾತಾಡೋಕೆ ಧೈರ್ಯ ಸಾಲದವರು ಒಂದೇ ಒಂದು ಹೂ ಆರಿಸೋಕೆ ಹತ್ತು ನಿಮಿಷ ತಗೋತಾರೆ. ದಳದ ಅಂಚು ಕಪ್ಪಾಗಿದ್ರೆ ವಾಪಸ್ ಇಡ್ತಾರೆ. ರಾತ್ರಿ ಚಳಿ ಜಾಸ್ತಿಯಾದ್ರೆ ಕೆಂಪು ಗುಲಾಬಿಯ ಅಂಚು ಕಪ್ಪಾಗುತ್ತೆ, ಅದನ್ನ ಗ್ರೇಡಿಂಗ್‌ನಲ್ಲೇ ತೆಗೆದುಬಿಡಿ. ಒಂಟಿ ಹೂವಿಗೆ 50–60 ಸೆಂಟಿಮೀಟರ್ ಕಡ್ಡಿ ಬೇಕು, ಬೊಕೆಗೆ 40 ಸಾಕು.

ದೇವನಹಳ್ಳಿ_ಗುಲಾಬಿ:
ಮೊದಲ ಕಂತು ಬೇಗ ಬಂದ್ರೆ ಕೋಲ್ಡ್ ಸ್ಟೋರೇಜ್‌ನಲ್ಲಿ ಎಷ್ಟು ದಿನ ಇಡಬಹುದು ಮೇಡಂ?

ಹೂವಿನಂಗಡಿ_ಜಯನಗರ:
2–4 ಡಿಗ್ರಿಯಲ್ಲಿ ಐದು ದಿನ. ಅದಕ್ಕಿಂತ ಜಾಸ್ತಿ ಇಟ್ಟ ಹೂ ನಮ್ಮ ಬಕೆಟ್‌ನಲ್ಲಿ ಕತ್ತು ಬಾಗಿಸುತ್ತೆ. ಹೊರಗಿನ ಒಂದೆರಡು ದಳ ಈಗಷ್ಟೇ ಸಡಿಲವಾಗ್ತಿರೋವಾಗ ಕತ್ತರಿಸಿ. ಅದಕ್ಕೂ ಮೊದಲು ಕತ್ತರಿಸಿದ್ರೆ ಮೊಗ್ಗು ಅರಳೋದೇ ಇಲ್ಲ. ಕತ್ತರಿಸಿದ ಕೂಡಲೇ ನೀರಿಗಿಡಿ, ಒಣಗಿದ್ರೆ ಕಡ್ಡಿಯೊಳಗೆ ಗಾಳಿಗುಳ್ಳೆ ಸೇರಿ ನೀರು ಏರಲ್ಲ. ಬಕೆಟ್ ನೀರಿಗೆ ಸಿಟ್ರಿಕ್ ಆಸಿಡ್ ಹಾಕಿ ಪಿಎಚ್ 3.5–4ಕ್ಕೆ ತನ್ನಿ.

ನಂದಿ_ತಪ್ಪಲು:
ಆ ಕೋಣೆಯಲ್ಲಿ ಮಾವು, ಬಾಳೆ, ಟೊಮ್ಯಾಟೊ ಇಡಬೇಡಿ. ಹಣ್ಣಿನಿಂದ ಬರೋ ಎಥಿಲೀನ್‌ಗೆ ದಳ ಉದುರುತ್ತೆ. ಬಂಚ್ 20 ಹೂವಿನದು, ತಲೆಗಳು ಒಂದೇ ಮಟ್ಟದಲ್ಲಿರಲಿ, ಸುತ್ತ ರಟ್ಟು ಸುತ್ತಿ. ತಲೆ ಒದ್ದೆ ಇದ್ದಾಗ ಮಾತ್ರ ಸುತ್ತಬೇಡಿ, ಪೆಟ್ಟಿಗೆಯೊಳಗೇ ಬೂಷ್ಟು ಹಿಡಿಯುತ್ತೆ.