ಪದಚರ್ಚೆ: ಆಟದ ‘ಅಂಕಣ’ದ ಮೂಲ ಯಾವುದು? ಪತ್ರಿಕೆಯ ಹೆಸರಿಗೆ ಸಲ್ಲುವುದೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ಕಾಸರಗೋಡಿನಿಂದ ನಮಸ್ಕಾರ.

ನಮ್ಮ ಜಿಲ್ಲೆಯ ಆಟೋಟಗಳಿಗೇ ಮೀಸಲಾದ ಕನ್ನಡ ಮಾಸಿಕವೊಂದನ್ನು ಅಚ್ಚು ಹಾಕಿಸಿ ತರಲು ನಾವು ಕೆಲವರು ಹೊರಟಿದ್ದೇವೆ. 32 ಪುಟ ಸಾಕು. ಕುಂಬಳೆ, ಉಪ್ಪಳದ ಕಡೆಯ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ, ಪೈವಳಿಕೆಯ ಕಂಬಳ, ತೃಕ್ಕರಿಪುರದ ಫುಟ್ಬಾಲು, ಊರೂರಿನ ಅಂಡರ್ ಆರ್ಮ್ ಕ್ರಿಕೆಟ್, ಹಗ್ಗಜಗ್ಗಾಟ ಎಲ್ಲ ಅದರಲ್ಲಿ ಬರಬೇಕು. ದಿನಪತ್ರಿಕೆಗಳಲ್ಲಿ ಇವಕ್ಕೆ ಸಿಗುವುದು ಫಲಕ ಹಿಡಿದು ನಿಂತ ತಂಡದ ಒಂದು ಚಿತ್ರ, ಕೆಳಗೆ ಅತಿಥಿಗಳ ಹೆಸರಿನ ಪಟ್ಟಿ. ಕೊನೆಯ ದಾಳಿಯಲ್ಲಿ ಯಾರು ಹಿಡಿದರು, ಯಾರು ತಪ್ಪಿಸಿಕೊಂಡರು ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ. ಅದನ್ನೇ ಬರೆಯಬೇಕೆಂಬ ಆಸೆ ನಮ್ಮದು.

ಹೆಸರಿಗೆ ನನ್ನ ಮನಸ್ಸು ನಿಂತಿರುವುದು ‘ಅಂಕಣ’ದ ಮೇಲೆ. ಕಬಡ್ಡಿ ನಡೆಯುವ ಜಾಗವೂ ಅಂಕಣ, ಪತ್ರಿಕೆಯಲ್ಲಿ ಬರೆಯುವ ಜಾಗವೂ ಅಂಕಣ. ಕ್ರೀಡಾಪತ್ರಿಕೆಗೆ ಇದಕ್ಕಿಂತ ಒಪ್ಪುವ ಹೆಸರು ನನಗೆ ತೋಚಿಲ್ಲ. ಆದರೆ ಆಟದ ಅರ್ಥ ಈ ಪದಕ್ಕೆ ಹೇಗೆ ಬಂತು ಎಂಬಲ್ಲಿ ನಮ್ಮೊಳಗೇ ಎರಡು ಪಕ್ಷವಾಗಿದೆ.

‘ಇದು ಅಂಗಣದ ತಪ್ಪು ರೂಪ, ಕ್ರೀಡಾಂಗಣ ಎನ್ನುವಾಗ ಸರಿಯಾಗಿಯೇ ಹೇಳುತ್ತೇವಲ್ಲ’ ಎನ್ನುವುದು ಒಂದು ಪಕ್ಷ. ಇಲ್ಲಿ ಅವರಿಗೆ ಬಲವಾದ ಸಾಕ್ಷಿಯೂ ಇದೆ. ಮಲೆಯಾಳದಲ್ಲಿ ಮನೆಯಂಗಳಕ್ಕೆ ‘ಅಙ್ಕಣಂ’ ಎಂದೇ ಬರೆಯುತ್ತಾರೆ. ನಾವು ಅಂಗನವಾಡಿ ಎನ್ನುವುದು ಅವರಲ್ಲಿ ಅಂಕಣವಾಡಿ. ಎರಡೂ ಭಾಷೆಯ ಫಲಕ ಓದುತ್ತ ಬೆಳೆದ ನಮ್ಮವರ ಬಾಯಲ್ಲಿ ಗಕಾರ ಕಕಾರವಾಗಿರಬಹುದು ಎಂಬುದು ಅವರ ವಾದ.

ನಾನು ಒಪ್ಪುವುದಿಲ್ಲ. ಮಲೆಯಾಳದ ಗಾಳಿ ಸೋಕದ ಘಟ್ಟದ ಮೇಲಿನ ಪತ್ರಿಕೆಗಳೂ ‘ಟೆನಿಸ್ ಅಂಕಣ’ ಎನ್ನುತ್ತವೆ, ಕ್ರಿಕೆಟ್ಟಿನ ಪಿಚ್ಚಿಗೂ ಅದನ್ನೇ ಬಳಸುತ್ತವೆ. ಹಳೆಯ ಮನೆಗಳ ವಿಸ್ತಾರ ಹೇಳುವಾಗ ‘ಎಂಟು ಅಂಕಣದ ಮನೆ’ ಎನ್ನುತ್ತಿದ್ದರು. ಎರಡು ಕಂಬಗಳ ನಡುವಿನ ತೆರಪು ಒಂದು ಅಂಕಣ. ಪತ್ರಿಕೆಯ ಪುಟದ ಉದ್ದುದ್ದ ಪಟ್ಟಿಗೆ ಆ ಹೆಸರು ಅಲ್ಲಿಂದಲೇ ಬಂದಿರಬೇಕು. ಆಟದ್ದೂ ಹಾಗೆಯೇ ಎಂದು ನನ್ನ ಊಹೆ. ಪಿಚ್ಚೆಂದರೆ ಎರಡು ಕಡೆಯ ವಿಕೆಟ್ಟುಗಳ ನಡುವಿನ 22 ಗಜದ ತೆರಪು ತಾನೆ? ಗಂಡಸರ ಕಬಡ್ಡಿಯ ಜಾಗ 13 ಮೀಟರ್ ಉದ್ದ, 10 ಮೀಟರ್ ಅಗಲ. ನಡುಗೆರೆ ಎಳೆದು ಅದನ್ನು ಎರಡು ಪಾಲು ಮಾಡುತ್ತಾರೆ, ಪ್ರತಿ ಪಾಲಿನೊಳಗೆ ಮತ್ತೆ ಬಾಕ್ ಗೆರೆ, ಬೋನಸ್ ಗೆರೆ. ಅಂಗಣಕ್ಕೆ ಹೀಗೆ ಒಳಗೆರೆಗಳು ಬೇಕಿಲ್ಲ, ಅದು ಬಯಲು. ಆದ್ದರಿಂದಲೇ ‘ಕ್ರೀಡಾಂಗಣದಲ್ಲಿ ಮೂರು ಅಂಕಣ ಹಾಕಿದ್ದಾರೆ’ ಎಂದರೆ ಯಾರಿಗೂ ಗೊಂದಲವಾಗುವುದಿಲ್ಲ. ಒಂದು ಇನ್ನೊಂದರ ತಪ್ಪು ರೂಪವಾಗಿದ್ದರೆ ಎರಡೂ ಒಂದೇ ವಾಕ್ಯದಲ್ಲಿ ಬೇರೆ ಬೇರೆ ಅರ್ಥ ಕೊಡುತ್ತಿರಲಿಲ್ಲ.

ಹಳಗನ್ನಡದ ‘ಅಂಕ’ ಎಂಬ ಕಾಳಗದ ಪದವನ್ನೂ ಕೆಲವರು ಇಲ್ಲಿಗೆ ಎಳೆಯುತ್ತಾರೆ. ಕೋಳಿ ಅಂಕದಲ್ಲಿ ಅದು ಇಂದಿಗೂ ಉಳಿದಿದೆ, ಮಲೆಯಾಳದ ಕಳರಿಯಲ್ಲೂ ಇದೆ. ಚೆಂದದ ನಂಟು, ಆದರೆ ‘ಣ’ ಎಲ್ಲಿಂದ ಬಂತೆಂದು ಹೇಳದೆ ಅದನ್ನು ಒಪ್ಪುವುದು ಕಷ್ಟ.

ಇದನ್ನು ಇಷ್ಟು ಜಗ್ಗಾಡಲು ಕಾರಣವಿದೆ. 1867ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2023ರ ನಿಯತಕಾಲಿಕಗಳ ನೋಂದಣಿ ಕಾಯ್ದೆಯಲ್ಲೂ ಹೆಸರಿನ ನಿಯಮ ಬಿಗಿಯಾಗಿಯೇ ಇದೆ. ಅದೇ ಭಾಷೆಯಲ್ಲಿ ದೇಶದ ಎಲ್ಲಿಯೂ, ಅದೇ ರಾಜ್ಯದಲ್ಲಿ ಯಾವ ಭಾಷೆಯಲ್ಲಿಯೂ ಬೇರೆಯವರ ಪತ್ರಿಕೆಗೆ ಆ ಹೆಸರಾಗಲಿ ಅದನ್ನು ಹೋಲುವ ಹೆಸರಾಗಲಿ ಇರಕೂಡದು. ಗಡಿಯ ನಮಗೆ ಇದು ಎರಡು ಕಡೆಯ ಬೇಲಿ. ಕರ್ನಾಟಕದ ಕನ್ನಡ ಪತ್ರಿಕೆಗಳಿಗೂ ತಾಗಬಾರದು, ಕೇರಳದ ಮಲೆಯಾಳ ಪತ್ರಿಕೆಗಳಿಗೂ ತಾಗಬಾರದು. ‘ಕ್ರೀಡಾ’ ಸೇರಿದ ಸಂಸ್ಕೃತ ಹೆಸರುಗಳು ಎರಡೂ ಭಾಷೆಗೆ ಸಮಾನವಾದ್ದರಿಂದ ಅಪಾಯ ಹೆಚ್ಚು. ಅಂಕಣವೂ ಅವರ ಅಙ್ಕಣಂಗೆ ಹತ್ತಿರವೇ. ‘ಆಟದಂಕಣ’ ಎಂದು ಬಿಡಿಸಿ ಹೇಳಿದರೆ ಕನ್ನಡದ ಗುರುತು ಸ್ಪಷ್ಟವಾದೀತೇ, ಅಥವಾ ಪತ್ರಿಕೆಯೊಳಗಿನ ಒಂದು ಪುಟದ ತಲೆಬರಹದಂತೆ ಕೇಳಿಸೀತೇ?

ಇನ್ನೊಂದು ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಕಂಬಳದ್ದು ‘ಕರೆ’, ಫುಟ್ಬಾಲಿನದ್ದು ಮೈದಾನ. ಇವೆರಡನ್ನೂ ಅಂಕಣ ಎಂದು ಕರೆದವರನ್ನು ನಾನು ಕಂಡಿಲ್ಲ. ಕೋಣ ಓಡಿಸುವವರಿಗೂ ಚೆಂಡು ಒದೆಯುವವರಿಗೂ ಇದು ತಮ್ಮ ಪತ್ರಿಕೆ ಎನಿಸಬೇಕಾದರೆ ಅಂಕಣದ ಅರ್ಥ ಅಷ್ಟು ಹಿಗ್ಗೀತೇ?

ಹೆಸರಿನಡಿಯ ಸಾಲಿಗೂ ಒಂದು ಮಾತು ಬೇಕು. ‘ಕ್ರೀಡಾಭಿಮಾನಿಗಳ ಮಾಸಿಕ’ ಎಂದರೆ ನನಗೆ ತೃಪ್ತಿಯಿಲ್ಲ. ಅಭಿಮಾನಕ್ಕೆ ಒಬ್ಬ ಆಟಗಾರನೋ ಒಂದು ತಂಡವೋ ಬೇಕು. ಯಾವ ತಂಡದವರೂ ಅಲ್ಲದೆ, ಒಳ್ಳೆಯ ಆಟ ನೋಡಲೆಂದೇ ಬೆಳಗಿನ ಜಾವದ ತನಕ ಕೂರುವವರಿಗೆ ತುಳುವಿನಲ್ಲಾದರೆ ‘ಗೊಬ್ಬುದ ಮರ್ಲ್’ ಎಂದುಬಿಡಬಹುದು. ಕನ್ನಡದಲ್ಲಿ ‘ಆಟದ ಹುಚ್ಚಿನವರು’ ಎಂದು ಮುಖಪುಟದಲ್ಲಿ ಅಚ್ಚು ಹಾಕಿದರೆ ಓದುಗರು ಪ್ರೀತಿಯಿಂದ ತೆಗೆದುಕೊಂಡಾರು ಎಂದೇ ನನ್ನ ನಂಬಿಕೆ. ನಿಮ್ಮ ಕಡೆ ಇದಕ್ಕೆ ಬೇರೆ ಮಾತಿದ್ದರೆ ಬರೆಯಿರಿ.

ಮುಖ್ಯವಾಗಿ, ಹಳೆಯ ಪತ್ರಿಕೆಗಳ ಕ್ರೀಡಾಪುಟಗಳನ್ನೋ ಊರ ಪಂದ್ಯಾಟಗಳ ಹಳೆಯ ಕರೆಯೋಲೆಗಳನ್ನೋ ಕಾಪಿಟ್ಟವರಿದ್ದರೆ, ಆಟದ ಅರ್ಥದಲ್ಲಿ ‘ಅಂಕಣ’ ಎಷ್ಟು ಹಿಂದಿನಿಂದ ಕಾಣುತ್ತದೆ ಎಂದು ವರ್ಷ ಸಮೇತ ತಿಳಿಸಿ. ಅರ್ಜಿ ಹಾಕುವ ಮೊದಲು ಅದು ನಮ್ಮ ಕೈಗೆ ಸಿಗಬೇಕು.