ಬೆಟ್ಟ, ಕಾಡು, ಕಡಲು: ಇಬ್ಬರ ಕಾರು ಪ್ರಯಾಣಕ್ಕೆ ತಯಾರಿ ಹೇಗೆ?

ಪ್ರಶ್ನೆ: ಗಂಡ ಹೆಂಡತಿ ಇಬ್ಬರೇ, ಆರು ದಿನ, ಮ್ಯಾನುಯಲ್ ಗೇರಿನ ಚಿಕ್ಕ ಕಾರು. ಬೆಟ್ಟದ ಹಳ್ಳಿ ದಾರಿ, ಆಮೇಲೆ ಕಾಡು, ಕೊನೆಗೆ ಕಡಲತೀರದ ಊರುಗಳು. ದಿನಕ್ಕೆ ಎಷ್ಟು ಕಿ.ಮೀ. ಸರಿ? ಇಬ್ಬರಿಗೂ ಡ್ರೈವಿಂಗ್ ಬರುತ್ತೆ.

ಉತ್ತರ 1: 200 ಸಾಕು. ತಿರುವಿನ ದಾರಿಯಲ್ಲಿ ಗಂಟೆಗೆ ಸರಾಸರಿ 30-35 ಸಿಕ್ಕರೆ ಪುಣ್ಯ. ಮ್ಯಾಪ್ ತೋರಿಸೋ ಸಮಯ ನಂಬಬೇಡಿ. ಎರಡು ಗಂಟೆಗೊಮ್ಮೆ ಸ್ಟೇರಿಂಗ್ ಬದಲಾಯಿಸಿ. ಇಳಿಜಾರಿನಲ್ಲಿ ಎರಡನೇ ಅಥವಾ ಮೂರನೇ ಗೇರು, ನ್ಯೂಟ್ರಲ್ ಬೇಡವೇ ಬೇಡ. ಬ್ರೇಕ್ ಒತ್ತಿಕೊಂಡೇ ಇಳಿದರೆ ಪ್ಯಾಡ್ ಕಾದು ಹಿಡಿತ ಹೋಗುತ್ತೆ. ಬ್ರೇಕ್ ಆಯಿಲ್ ಹಳೆಯದಾಗಿದ್ದರೆ ಇನ್ನೂ ಕಷ್ಟ: ಅದು ತೇವ ಹೀರಿಕೊಂಡಿರುತ್ತೆ, ಬೇಗ ಕುದಿಯುತ್ತೆ, ಪೆಡಲ್ ಮೆತ್ತಗಾಗುತ್ತೆ. ಎರಡು ವರ್ಷ ದಾಟಿದ್ದರೆ ಹೊರಡೋ ಮುಂಚೆಯೇ ಬದಲಿಸಿ. ಸುಟ್ಟ ವಾಸನೆ ಬಂದರೆ ಅರ್ಧ ಗಂಟೆ ನಿಲ್ಲಿಸಿ. ಡಿಸ್ಕಿಗೆ ನೀರು ಹಾಕಬೇಡಿ, ಸೊಟ್ಟಗಾಗಬಹುದು.

ಉತ್ತರ 2: ಕಾಡಿನ ಭಾಗ ಹಗಲಲ್ಲೇ ಮುಗಿಸಿ. ನಸುಕು, ಮುಸ್ಸಂಜೆ ಪ್ರಾಣಿಗಳು ಓಡಾಡೋ ಹೊತ್ತು. ಒಂದು ಜಿಂಕೆ ದಾಟಿದರೆ ಹಿಂದೆ ಇನ್ನೊಂದಿದೆ ಅಂತಲೇ ತಿಳಿಯಿರಿ. ಅಡ್ಡ ಬಂದರೆ ನೇರವಾಗಿ ಬ್ರೇಕ್ ಹಾಕಿ. ಸ್ಟೇರಿಂಗ್ ಎಳೆದವರೇ ಮರಕ್ಕೆ ಗುದ್ದೋದು. ಆನೆ ಕಂಡರೆ ದೂರದಲ್ಲೇ ನಿಲ್ಲಿಸಿ, ಹಾರನ್ ಬೇಡ, ಎಂಜಿನ್ ಆನ್ ಇರಲಿ, ರಿವರ್ಸ್‌ಗೆ ಜಾಗ ಇರಲಿ. ಫೋಟೋಗೆ ಇಳಿಯೋದಂತೂ ಬೇಡ.

ಉತ್ತರ 3: ಮರಳಿಗೆ ಚಿಕ್ಕ ಕಾರು ಇಳಿಸಲೇಬೇಡಿ. ಸಿಕ್ಕಿಕೊಂಡರೆ ಆಕ್ಸಿಲರೇಟರ್ ಒತ್ತಬೇಡಿ, ಚಕ್ರ ಇನ್ನೂ ಹೂತುಹೋಗುತ್ತೆ. ಗಾಳಿ 18 ಪಿಎಸ್‌ಐಗೆ ಇಳಿಸಿ, ಚಕ್ರದ ಮುಂದಿನ ಮರಳು ತೆಗೆದು, ನಿಧಾನಕ್ಕೆ ಹೊರಗೆ. ಆಮೇಲೆ ಗಾಳಿ ತುಂಬಿಸದೆ ರಸ್ತೆಗೆ ಹೋಗಬೇಡಿ, ಹಾಗಾಗಿ 12 ವೋಲ್ಟ್ ಪಂಪ್ ಜೊತೆಗಿರಲಿ. ವಾಪಸ್ ಬಂದಮೇಲೆ ಕಾರಿನ ಅಡಿಭಾಗ ಸಿಹಿನೀರಲ್ಲಿ ತೊಳೆಸಿ, ಉಪ್ಪು ತುಕ್ಕು ಹಿಡಿಸುತ್ತೆ.