ಪರ್ವತ ಮಾರ್ಗದರ್ಶಿಯಾಗಲು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಆರು ವರ್ಷಗಳಿಂದ ಪರ್ವತಾರೋಹಣ ನನ್ನ ಹವ್ಯಾಸ. ಇದನ್ನೇ ವೃತ್ತಿಯಾಗಿಸಿಕೊಳ್ಳುವ ಆಸೆಯಿದೆ. ಯಾವ ತರಬೇತಿ, ಯಾವ ಪ್ರಮಾಣಪತ್ರ ಬೇಕು? ಅನುಭವಸ್ಥರು ದಯವಿಟ್ಟು ತಿಳಿಸಿ.

ಉತ್ತರ: ಯಾವ ಬಗೆಯ ಕೆಲಸ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ. ಹಗ್ಗ ಬೇಕಿಲ್ಲದ ಹಾದಿಗಳಲ್ಲಿ ಜನರನ್ನು ನಡೆಸುವುದಾದರೆ, ಚಾರಣ ಮುಂದಾಳುಗಳ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಯುಐಎಂಎಲ್‌ಎ ಮಾನ್ಯತೆಯ ಪ್ರಮಾಣಪತ್ರ ಸಾಕು. ಹಿಮನದಿ, ಕಡಿದಾದ ಬಂಡೆಗಳಿಗೆ ಕರೆದೊಯ್ಯುವುದಾದರೆ 1965ರಲ್ಲಿ ಹುಟ್ಟಿದ, ಪರ್ವತ ಮಾರ್ಗದರ್ಶಿ ಸಂಘಗಳ ಅಂತರರಾಷ್ಟ್ರೀಯ ಐಎಫ್‌ಎಂಜಿಎ ಒಕ್ಕೂಟದ ಮಾನ್ಯತೆ ಬೇಕು. ತರಬೇತಿ, ಪರೀಕ್ಷೆಗಳನ್ನು ಅದರ ಸದಸ್ಯ ದೇಶಗಳ ಸಂಘಗಳು ಮತ್ತು ಶಾಲೆಗಳು ನಡೆಸುತ್ತವೆ. ಬಂಡೆ, ಹಿಮಪರ್ವತ, ಸ್ಕೀ (ಪಟ್ಟಿ ಕಟ್ಟಿ ಹಿಮದ ಮೇಲೆ ಜಾರುವುದು) ಮೂರರಲ್ಲೂ ಗೆಲ್ಲಬೇಕು. ಬಂಡೆಯಲ್ಲಿ ಪಳಗಿದ ಎಷ್ಟೋ ಜನ ಸ್ಕೀಯಲ್ಲಿ ತಡವರಿಸುತ್ತಾರೆ; ಅದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ನಡುವೆ, ಪೂರ್ಣ ಅರ್ಹತೆ ಪಡೆದವರ ಉಸ್ತುವಾರಿಯಲ್ಲಿ ಕೆಲಸ ಮಾಡುವ ಹಂತವೊಂದು ಇರುತ್ತದೆ. ಒಟ್ಟಿನಲ್ಲಿ ಕೆಲವು ವರ್ಷಗಳೇ ಹಿಡಿಯುತ್ತವೆ.

ನಾನು ಒಮ್ಮೆ ಅನುತ್ತೀರ್ಣನಾದೆ. ಜೊತೆಗಿದ್ದವನನ್ನು ಗಿಡ್ಡ ಹಗ್ಗದಲ್ಲಿ ಕಟ್ಟಿಕೊಂಡು ಗಟ್ಟಿ ಹಿಮದ ಇಳಿಜಾರಿನಲ್ಲಿ ಇಳಿಸುವ ಪರೀಕ್ಷೆ ಅದು. ನನ್ನ ಕೈಯಿಂದ ಅವನ ಸೊಂಟದವರೆಗಿನ ಹಗ್ಗ ಒಂದು ಮೊಳದಷ್ಟು ಜೋತುಬಿದ್ದಿತ್ತು. ಪರೀಕ್ಷಕರು ಅಲ್ಲೇ ನಿಲ್ಲಿಸಿ, "ಈಗ ಆತ ಜಾರಿದರೆ ನೀವು ಇಬ್ಬರೂ ಕೆಳಗೆ" ಎಂದರು. ನಾನು ಎಷ್ಟು ಚೆನ್ನಾಗಿ ಹತ್ತುತ್ತೇನೆ ಎಂಬುದು ಅಲ್ಲಿ ಯಾರಿಗೂ ಮುಖ್ಯವಾಗಿರಲಿಲ್ಲ. ಮರುವರ್ಷದವರೆಗೂ ನಿಮಗಿಂತ ಕಡಿಮೆ ತಿಳಿದವರ ಜೊತೆಗೇ ಹೋಗಿ ಎಂದು ಸಲಹೆ ಕೊಟ್ಟರು. ಹಾಗೆಯೇ ಮಾಡಿದೆ, ಕಣ್ಣು ತಾನಾಗಿ ಅವರ ಪಾದದ ಮೇಲೆ ನೆಲೆಸಿದ ಮೇಲೆ ತೇರ್ಗಡೆಯಾದೆ.

ಮತ್ತೊಬ್ಬರ ಉತ್ತರ: ಪ್ರವೇಶಕ್ಕೇ ಆರೋಹಣಗಳ ದಾಖಲೆ ಪುಸ್ತಕ ಕೇಳುತ್ತಾರೆ. ದಿನಾಂಕ, ಮಾರ್ಗ, ಹವೆ, ಮುಂದಾಳು ಯಾರು ಎಂಬುದನ್ನು ಅಂದಂದೇ ಬರೆದಿಡಿ. ಅರ್ಧದಿಂದ ಹಿಂದಿರುಗಿದ ದಿನಗಳನ್ನೂ ಬಿಡಬೇಡಿ, ಕಾರಣ ಸಮೇತ ಬರೆಯಿರಿ. ಪ್ರಥಮ ಚಿಕಿತ್ಸೆಯಲ್ಲಿ ಒಂದು ದಿನದ ಶಿಬಿರ ಸಾಲದು. ಆಸ್ಪತ್ರೆ ದೂರವಿರುವ ಜಾಗಗಳಿಗೆಂದೇ ರೂಪಿಸಿದ, ಸುಮಾರು 70ರಿಂದ 80 ಗಂಟೆಗಳ ತರಬೇತಿ ಪಡೆಯಿರಿ. ಹಿಮಬಿರುಕಿಗೆ ಬಿದ್ದವರನ್ನು ಮೇಲೆತ್ತುವ ಅಭ್ಯಾಸವನ್ನು ದಪ್ಪ ಕೈಗವಸು ತೊಟ್ಟೇ ಮಾಡಿ. ಬರಿಗೈಯಲ್ಲಿ ಕ್ಷಣದಲ್ಲಿ ಹಾಕಬಹುದಾದ, ಭಾರ ಬಿದ್ದಾಗ ಹಗ್ಗವನ್ನು ಬಿಗಿದು ಹಿಡಿಯುವ ಪ್ರುಸಿಕ್ ಗಂಟು, ಒದ್ದೆ ಕೈಗವಸಿನಲ್ಲಿ ಮೂರು ಸಲ ಬಿಚ್ಚಿಕೊಂಡದ್ದನ್ನು ನಾನು ಕಂಡಿದ್ದೇನೆ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಕೃತಜ್ಞತೆಗಳು. ಸ್ಕೀಯನ್ನು ನಾನು ಇದುವರೆಗೆ ಕಾಲಿಗೆ ಕಟ್ಟಿಲ್ಲ. ಈ ಚಳಿಗಾಲದಲ್ಲಿ ಅದರಿಂದಲೇ ಆರಂಭಿಸುತ್ತೇನೆ.